ಮುಖ ತಪ್ಪಿಸಿದವಳು

ಅಕ್ಕ ನಡುಮನೆ ದಾಟಿ ನೇರ ಅಡುಗೆಮನೆಗೆ ನುಗ್ಗಿ ಲೋಟ ತೊಳೆಯತೊಡಗಿದಳು. ನಡುಮನೆಯಲ್ಲಿ ತಂಗಿಯನ್ನು ಮಲಗಿಸಿದ್ದರು. ಆ ಕಡೆ ಕಣ್ಣು ಕೂಡ ಹಾಯಿಸಲಿಲ್ಲ. ಲೋಟಗಳನ್ನು ಯಾರೋ ಆಗಲೇ ತೊಳೆದಿಟ್ಟಿದ್ದರು, ಅದು ಬೇರೆ ಮಾತು.

“ಒಂದ್ಸಲ ಮುಖ ನೋಡಿ ಅತ್ತಿಗೆ. ಇನ್ನೇನು ಗಾಡಿ ಬರುತ್ತೆ,” ಎಂದ ತಂಗಿಯ ಗಂಡ, ಬಾಗಿಲಲ್ಲಿ ನಿಂತು.

“ನನಗೆ ಬೇಕಾದಾಗ ಅವಳು ಮುಖ ತೋರಿಸಿದ್ಲಾ? ಈಗ ನಾನ್ಯಾಕೆ ನೋಡ್ಲಿ?”

ಸತ್ತವರ ಮನೆಯಲ್ಲಿ ಆಡುವ ಮಾತೇ ಇದು? ಆದರೆ ವರ್ಷಗಟ್ಟಲೆ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು, ಬಂದುಬಿಟ್ಟಿತು. ಅವನು ಪಾಪ, ಮೂಗೊರೆಸಿಕೊಂಡು ಹೊರಗೆ ಹೋದ.

*

ತಂಗಿ ಆಸ್ಪತ್ರೆಯ ಔಷಧಿ ವಿಭಾಗದಲ್ಲಿದ್ದಳು. ಹೊಸ ಔಷಧಿಯೊಂದರ ಪ್ರಯೋಗ ನಡೆದಾಗ ಡ್ರಿಪ್ ಚೀಲ ತುಂಬುವ ಕೆಲಸ ಅವಳದು. ಕೆಲವರಿಗೆ ನಿಜವಾದ ಔಷಧಿ, ಕೆಲವರಿಗೆ ಬರೀ ಉಪ್ಪುನೀರು, ಎರಡಕ್ಕೂ ಒಂದೇ ಬಣ್ಣದ ಹೊದಿಕೆ. ಯಾರಿಗೆ ಯಾವುದೆಂದು ರೋಗಿಗೂ ಗೊತ್ತಾಗಬಾರದು, ಡಾಕ್ಟರಿಗೂ ಗೊತ್ತಾಗಬಾರದು. ಗೊತ್ತಾದರೆ ಡಾಕ್ಟರು ಇಲ್ಲದ ಗುಣ ಕಾಣುತ್ತಾರೆ, ರೋಗಿ ಇದ್ದ ಧೈರ್ಯವನ್ನೂ ಬಿಡುತ್ತಾನೆ. ಗೊತ್ತಿದ್ದದ್ದು ಚೀಲ ತುಂಬುವವಳಿಗೆ ಮಾತ್ರ. ಅಕ್ಕನ ಗಂಡ ಆ ಪ್ರಯೋಗಕ್ಕೆ ಸೇರಿದಾಗ, ಈ ಕೆಲಸ ಬೇರೆಯವರಿಗೆ ಕೊಡಿ ಎಂದು ತಂಗಿ ಬೇಡಿಕೊಂಡಳು. ಕಲಿತವರು ಬೇರೆ ಯಾರೂ ಇರಲಿಲ್ಲ.

ಅಂದಿನಿಂದ ಅವಳು ಅಕ್ಕನ ಮನೆಗೆ ಕಾಲಿಡಲಿಲ್ಲ. ಸಂಜೆಯಾದರೆ ಬಂದು ಭಾವನ ಜೊತೆ ಇಸ್ಪೀಟಿಗೆ ಕೂರುತ್ತಿದ್ದವಳು! ಅಕ್ಕ ಒಮ್ಮೆ ಆಸ್ಪತ್ರೆಯ ಮೆಟ್ಟಿಲಲ್ಲೇ ಹಿಡಿದು ನಿಲ್ಲಿಸಿದಳು.

“ಹೂಂ ಅನ್ನು, ಇಲ್ಲ ಉಹೂಂ ಅನ್ನು. ಅಷ್ಟು ಸಾಕು ಕಣೇ.”

ತಂಗಿ ಗೋಡೆಯ ಕಡೆ ತಿರುಗಿ ನಿಂತಳು. “ಕೇಳ್ಬೇಡ ಅಕ್ಕಾ. ದಮ್ಮಯ್ಯ.”

ಉಪ್ಪುನೀರೇ ಇರಬೇಕು, ಅದಕ್ಕೇ ಮುಖ ಕೊಟ್ಟು ಮಾತಾಡಲು ಆಗುತ್ತಿಲ್ಲ ಎಂದುಕೊಂಡಳು ಅಕ್ಕ. ಗಂಡ ತೀರಿಕೊಂಡ ಮೇಲೆ ತಂಗಿಯ ಜೊತೆ ಮಾತು ಬಿಟ್ಟಳು.

*

ಆ ಪ್ರಯೋಗ ನಡೆಸಿದ್ದ ಡಾಕ್ಟರಮ್ಮ ನೀರು ಕುಡಿಯಲು ಅಡುಗೆಮನೆಗೆ ಬಂದರು. ಈಗ ಅವರ ತಲೆಯೆಲ್ಲ ಬೆಳ್ಳಗಾಗಿದೆ.

“ನಿಮ್ಮ ತಂಗಿ ಜೊತೆ ಏಗೋದು ಸುಲಭ ಇರಲಿಲ್ಲಮ್ಮ. ಪ್ರಯೋಗ ನಡೆಯೋವಾಗ ನಮ್ಮ ಜೊತೆ ಊಟಕ್ಕೂ ಕೂರ್ತಿರಲಿಲ್ಲ. ನಾನು ಎದುರು ಬಂದ್ರೆ ಬೇರೆ ದಾರಿ ಹಿಡೀತಿದ್ಲು. ಯಾಕಮ್ಮ ಇಷ್ಟು ಜಂಬ ಅಂತ ಬೈದೆ. ‘ನನ್ನ ಮುಖ ಸರಿಯಿಲ್ಲ ಡಾಕ್ಟ್ರೇ, ಹೊಟ್ಟೇಲಿರೋದನ್ನೆಲ್ಲ ಹೇಳಿಬಿಡುತ್ತೆ’ ಅಂದ್ಲು.”

ಅಕ್ಕನ ಕೈ ನಿಂತಿತು. ನಿಜ. ಇಸ್ಪೀಟಿನಲ್ಲಿ ಅವಳಿಗೆ ಒಳ್ಳೆಯ ಎಲೆ ಬಿದ್ದರೆ ಪಕ್ಕದ ಮನೆಯವರಿಗೂ ತಿಳಿಯುತ್ತಿತ್ತು.

“ನಮ್ಮ ಯಜಮಾನ್ರಿಗೆ ಏನು ಹಾಕಿದ್ರಿ?”

“ಪ್ರಯೋಗ ಮುಗಿದ ಮೇಲೆ ಅದನ್ನ ಹೇಳೋಕೇ ಫೋನ್ ಮಾಡಿದ್ದೆ. ನೀವು ಇಟ್ಟುಬಿಟ್ರಿ.” ಡಾಕ್ಟರಮ್ಮ ಲೋಟ ಕೆಳಗಿಟ್ಟರು. “ನಿಜವಾದ ಔಷಧೀನೇ. ಮೊದಲಿಂದ್ಲೂ. ಕೆಲವರಿಗೆ ಹಿಡಿಸ್ತು, ಅವರಿಗೆ ಹಿಡಿಸಲಿಲ್ಲ.”

ಹಾಗಾದರೆ ತಂಗಿ ಗೋಡೆಗೆ ತಿರುಗಿ ಬಚ್ಚಿಟ್ಟದ್ದು ಸಂತೋಷವನ್ನು. ಭಾವ ಬದುಕುತ್ತಾನೆ ಎಂಬ ಸಂತೋಷವನ್ನು.

“ಅಯ್ಯೋ ಪೆದ್ದೇ,” ಎಂದಳು ಅಕ್ಕ. ತಂಗಿಗೆ ಎಂದಳೋ, ತನಗೇ ಎಂದುಕೊಂಡಳೋ.

ಹೊರಗೆ ಗಾಡಿ ಬಂದು ನಿಂತಿತು. ಹೊರುವವರು ಆಗಲೇ ಬಗ್ಗಿದ್ದರು.

“ತಡೀರಿ! ಮುಟ್ಬೇಡಿ!”

ಅಕ್ಕ ಒದ್ದೆ ಕೈಯಲ್ಲೇ ಓಡಿಬಂದು ತಲೆಯ ಬಳಿ ಕುಸಿದು ಕೂತಳು. ಬಟ್ಟೆ ಸರಿಸಿ, ಎರಡೂ ಕೈಯಲ್ಲಿ ತಂಗಿಯ ಗಲ್ಲ ಹಿಡಿದಳು.

“ಇಲ್ಲಿ ನೋಡೇ. ನನ್ನ ನೋಡು.”

ಆ ಮುಖ ಏನೂ ಹೇಳಲಿಲ್ಲ. ಅಕ್ಕ ಕೈ ಬಿಡಲಿಲ್ಲ. ಲೋಟ ತೊಳೆದ ನೀರು ಅವಳ ಬೆರಳುಗಳಿಂದ ತಂಗಿಯ ಕೆನ್ನೆಯ ಮೇಲೆ ಇಳಿದು ಕಿವಿಯ ಕಡೆ ಹರಿಯುತ್ತಿತ್ತು.