ಪಕ್ಕದ ಸೀಟಿನಲ್ಲಿ ನಲವತ್ತು ಮೈಲಿ

ಲಾಯ್ಡ್ ಹಾಕ್‌ಸ್ಟೆಟ್ಲರ್ ಅವರಿಗೆ ನಾನು ಮೊದಲ ಸಲ ಶುಭೋದಯ ಹೇಳಿದ ದಿನ ಅವರು ನನಗೆ ಉತ್ತರ ಕೊಡಲಿಲ್ಲ. ಬದಲಿಗೆ, ಅದುವರೆಗೆ ಮಾಡಿದ್ದ ತಮ್ಮ ಕೆಲಸವನ್ನೆಲ್ಲ ಬಿಚ್ಚಿಹಾಕಿದರು. ನ್ಯಾಪನೀ ಊರಿಗೆ ಶಾಲಾ ಮಾಸ್ತರನಾಗಿ ನಾನು ಬಂದು ಎರಡು ವಾರವಾಗಿತ್ತು. ಪಕ್ಕದ ಅಂಗಳದಲ್ಲಿ ಕಂದು ಕ್ಯಾನ್ವಾಸಿನ ಕೋಟು ತೊಟ್ಟ ಎತ್ತರದ ಮನುಷ್ಯರೊಬ್ಬರು ಪಿಕಪ್ ಗಾಡಿಗೆ ಒಳಗೆ ಒಲೆ-ಹಾಸಿಗೆಗಳಿರುವ, ಮನೆಯಷ್ಟು ದೊಡ್ಡ ಟ್ರೇಲರನ್ನು ಜೋಡಿಸುತ್ತಿದ್ದರು. ನಾನು ಬೇಲಿಯ ಮೇಲೆ ಕೈಯಿಟ್ಟು ಮಾತಾಡಿಸಿದೆ. ಅವರು ನನ್ನತ್ತ ಒಮ್ಮೆ ನೋಡಿ, ದೀಪದ ವೈರು ಕಿತ್ತು, ಗಾಡಿಗೆ ಟ್ರೇಲರನ್ನು ಕಚ್ಚಿಸುವ ಹಿಚ್ಚಿನ ಕೊಂಡಿ ಬಿಡಿಸಿ, ಗಾಡಿಯನ್ನು ಹತ್ತಡಿ ಮುಂದಕ್ಕೆ ಒಯ್ದು, ಮತ್ತೆ ಮೊದಲಿನಿಂದ ಹಿಂದಕ್ಕೆ ಬರತೊಡಗಿದರು. ಅಷ್ಟು ಹೊತ್ತೂ ಅವರ ಹೆಂಡತಿ ವರ್ಡಾ ಟ್ರೇಲರಿನ ಪಕ್ಕದಲ್ಲಿ, ತರಗತಿಯಲ್ಲಿ ಉತ್ತರ ಗೊತ್ತಿರುವ ಹುಡುಗಿಯ ಹಾಗೆ, ಬಲಗೈ ಎತ್ತಿ ನಿಂತಿದ್ದರು. ಕೆಲಸ ಮುಗಿದು ಕೈ ಇಳಿದ ಮೇಲೆ ಆಕೆ ಬೇಲಿಯ ಬಳಿ ಬಂದರು.

"ಬೇಜಾರ್ ಮಾಡ್ಕೋಬೇಡಿ ಮೇಷ್ಟ್ರೇ. ನನ್ನ ಕೈ ಮೇಲಿರೋವರೆಗೂ ಮನೆಗೆ ಬೆಂಕಿ ಬಿದ್ರೂ ಇವರಿಗೆ ಹೇಳೋ ಹಾಗಿಲ್ಲ."

"ಬೆಂಕಿ ಬಿದ್ರೆ ಹೇಳ್ಬಹುದು," ಎಂದರು ಲಾಯ್ಡ್, ತುಂಬ ಯೋಚಿಸಿ. "ಆದ್ರೆ ಆಮೇಲೆ ಮತ್ತೆ ಮೊದಲಿಂದ ಮಾಡ್ಬೇಕು."

ನಮ್ಮ ಊರಿನ ಅರ್ಧ ಜನ ಟ್ರೇಲರ್ ಕಟ್ಟುವವರು, ಉಳಿದರ್ಧ ಎಳೆಯುವವರು. ಲಾಯ್ಡ್ ಇಪ್ಪತ್ತಾರು ವರ್ಷ ಕಾರ್ಖಾನೆಯಿಂದ ಹೊಸ ಟ್ರೇಲರುಗಳನ್ನು ದೂರದೂರದ ಅಂಗಡಿಗಳಿಗೆ ಎಳೆದುಕೊಂಡು ಹೋಗಿ ಮುಟ್ಟಿಸಿದವರು. ಆ ಕಸುಬಿನವರಲ್ಲಿ, ಜೋಡಿಸುತ್ತಿರುವವನನ್ನು ಮಾತಾಡಿಸುವುದು ಪ್ರಾರ್ಥನೆಯ ನಡುವೆ ಭುಜ ತಟ್ಟಿದಂತೆ. ಜೋಡಿಸುವ ನಡುವೆ ಮಾತಿಗೆ ತಿರುಗಿದವನು, ಇನ್ನೂ ಮಾಡಲಿದ್ದ ಕೆಲಸವನ್ನು ಮಾಡಿಯಾಯಿತು ಎಂದುಕೊಂಡುಬಿಡುತ್ತಾನೆ. ಟ್ರೇಲರಿನ ಮೂಗಿನಡಿ ಇರುವ ದಪ್ಪ ಉಕ್ಕಿನ ಗೂಟ ಪಿಕಪ್ಪಿನ ಬೆನ್ನಮೇಲಿರುವ ಹಿಚ್ಚಿನ ದವಡೆಯೊಳಗೆ ಹೊಕ್ಕು ಕಚ್ಚಿಕೊಳ್ಳಬೇಕು. ಕಚ್ಚಿತೆಂದು ಟಾರ್ಚು ಬಿಟ್ಟು ನೋಡಬೇಕು. ಆಮೇಲೂ ಟ್ರೇಲರಿನ ಮುಂಗಾಲುಗಳನ್ನು ನೆಲದಿಂದ ಎರಡು ಬೆರಳಷ್ಟೇ ಎತ್ತಿ, ಅದರ ಬ್ರೇಕು ಹಿಡಿದು, ಗಾಡಿಯನ್ನು ಮುಂದಕ್ಕೆ ಜಗ್ಗಿ ಪರೀಕ್ಷಿಸಬೇಕು. ಇದರಲ್ಲಿ ಒಂದನ್ನೂ ಅವರು ಬಿಟ್ಟದ್ದನ್ನು ನಾನು ಕಂಡಿರಲಿಲ್ಲ.

ಅವರ ನಡಿಗೆಯೇ ಬೇರೆ. ತಲೆಯ ಮೇಲೆ ತುಂಬಿದ ಕೊಡವಿದೆಯೇನೋ ಎಂಬಂತೆ, ಸೊಂಟದಿಂದ ಮೇಲೆ ಒಂದಿಷ್ಟೂ ಅಲುಗದೆ ನಡೆಯುತ್ತಿದ್ದರು. ಕೋಟಿನ ಬಲಜೇಬಿನಲ್ಲಿ ಗಾಳಿ ಅಳೆಯುವ ಗೇಜು, ಎಡಜೇಬಿನಲ್ಲಿ ಅಳತೆಪಟ್ಟಿ ಮತ್ತು ಪೆಪ್ಪರಮೆಂಟು. ಯಾವ ಮಾತು ಬಂದರೂ ಅವರ ಮೊದಲ ಉತ್ತರ ಒಂದೇ: "ತೂಕ ಹಾಕಿ ನೋಡೋಣ." ಟ್ರೇಲರಿಗೂ ಅದೇ, ಹೊಸ ಪಾದ್ರಿಯ ಉಪದೇಶಕ್ಕೂ ಅದೇ, ವರ್ಡಾ ಮಾಡಿದ ಸಕ್ಕರೆ-ಕೆನೆಯ ಪೈಗೂ ಅದೇ. ನಿವೃತ್ತರಾದ ಮೇಲೆ ಹಿತ್ತಲಿನ ಶೆಡ್ಡಿನಲ್ಲಿ ಹಿಚ್ಚು ಕೂರಿಸುವ ಕೆಲಸ ಹಿಡಿದರು. ಗಾಳಿಚೀಲದ ಮೇಲೆ ಕೂತು ತೂಗುವ ಹೊಸ ಬಗೆಯ ಹಿಚ್ಚು ಬೇಕೆಂದು ಯಾರಾದರೂ ಬಂದರೆ, "ಗಾಳಿ ಟೈರಿಗೆ ಸ್ವಾಮಿ, ಉಕ್ಕು ಹಿಚ್ಚಿಗೆ," ಎಂದು ಕಳಿಸಿಬಿಡುತ್ತಿದ್ದರು.

ನಾನು ಪಾಠ ಹೇಳುವುದನ್ನು ಬಿಟ್ಟ ವರ್ಷ ವರ್ಡಾ ಅವರ ಬೆನ್ನಿನ ಎರಡು ಮೂಳೆಗಳು ಸೀಮೆಸುಣ್ಣದಂತೆ ಕುಸಿದವು. ಡಾಕ್ಟರು ಸೊಂಟಕ್ಕೆ ಪಟ್ಟಿ ಕಟ್ಟಿ, ಕುಲುಕಾಟ ಕೂಡದು ಎಂದರು. ಪ್ರತಿ ಆಗಸ್ಟಿನಲ್ಲಿ ಈ ದಂಪತಿಗಳು ಮಿಶಿಗನ್ನಿನ ಉತ್ತರದ ತುದಿಗೆ, ಸುಪೀರಿಯರ್ ಸರೋವರದ ದಡದಲ್ಲಿ ಒಬ್ಬಳೇ ಇರುವ ವರ್ಡಾರ ಅಕ್ಕನ ಬಳಿಗೆ ಹೋಗಿ, ಮೂರು ವಾರ ಬ್ಲೂಬೆರಿ ಹಣ್ಣು ಬಿಡಿಸಿ ಬರುವ ಪದ್ಧತಿ. ಅಕ್ಕನಿಗೆ ಆಗ ಎಂಬತ್ತನಾಲ್ಕು. ಆಕೆ ಇಳಿದು ಬರುವ ಸ್ಥಿತಿಯಲ್ಲಿರಲಿಲ್ಲ. ಕಾರಿನಲ್ಲಿ ಅಷ್ಟು ದೂರ ನೆಟ್ಟಗೆ ಕೂರಲು ತಂಗಿಗಾಗದು. ಟ್ರೇಲರಾದರೆ ಗಂಟೆಗೊಮ್ಮೆ ನಿಲ್ಲಿಸಿ ತನ್ನ ಹಾಸಿಗೆಯ ಮೇಲೆ ಬೆನ್ನು ಚಾಚಬಹುದು. ಆದರೆ ಟ್ರೇಲರು ಹಿಂದಿನಿಂದ ಗುದ್ದುವ ಗುದ್ದನ್ನು ಆ ಬೆನ್ನು ತಾಳಬೇಕಲ್ಲ! ಈ ಸಲ ಹೋಗದಿದ್ದರೆ ಅಕ್ಕತಂಗಿಯರು ಮತ್ತೆ ಒಬ್ಬರನ್ನೊಬ್ಬರು ನೋಡುವುದು ಸಂದೇಹವೇ ಎಂದು ಆ ಇಬ್ಬರಿಗೂ ನನಗೂ ತಿಳಿದಿತ್ತು.

ಜುಲೈ ತಿಂಗಳ ಒಂದು ಬೆಳಗ್ಗೆ ಲಾಯ್ಡ್ ಟ್ರೇಲರನ್ನು ಎಳೆದುಕೊಂಡು ಜೋಳದ ಗೋದಾಮಿನಲ್ಲಿ ಲಾರಿ ತೂಗುವ ಕಾಟಾಕ್ಕೆ ಹೋದರು. ಬರಿಯ ಪಿಕಪ್ಪಿನ ತೂಕ, ಟ್ರೇಲರು ಹೂಡಿದಾಗ ಪಿಕಪ್ಪಿನ ಚಕ್ರಗಳ ಮೇಲೆ ಬೀಳುವ ತೂಕ, ಎರಡನ್ನೂ ಅಂಗೈಯ ಮೇಲೆ ಬರೆದುಕೊಂಡು, ಕಳೆದು, ಗಾಳಿಹಿಚ್ಚಿನ ಅಂಗಡಿಗೆ ನಡೆದರು. ಜೊತೆಗೆ ನಾನೂ ಇದ್ದೆ. ಅಂಗಡಿಯವನು ಅತಿ ದೊಡ್ಡದನ್ನು ತೋರಿಸಿ, "ಇದು ಏನನ್ನ ಬೇಕಾದ್ರೂ ಎಳೆಯುತ್ತೆ ಲಾಯ್ಡ್," ಎಂದ.

"ಎಳೆಯೋದಕ್ಕೆ ನನ್ನ ಹಳೇದೇ ಇದೆಯಪ್ಪ. ನಂಗೆ ಬಗ್ಗೋದು ಬೇಕು. ಹಸು ಕೂರೋ ಸ್ಪ್ರಿಂಗಿನ ಮೇಲೆ ಬೆಕ್ಕು ಕೂತ್ರೆ ಬಗ್ಗುತ್ತಾ?"

"ನಿಮ್ಮ ಟ್ರೇಲರು ಬೆಕ್ಕಾ?"

"ಕಾಟಾ ಹಾಗೇ ಅಂತು."

ತಮ್ಮ ಭಾರಕ್ಕೆ ಸರಿಹೊಂದುವ, ಎರಡು ಅಳತೆ ಚಿಕ್ಕದಾದುದನ್ನು ಆರಿಸಿ ತಂದರು. ಆದರೆ ಕೂರಿಸಲಿಲ್ಲ. "ಮೊದಲು ಹಳೇ ಉಕ್ಕಿಂದೇ ನೋಡೋಣ. ಯಾವುದಕ್ಕಿಂತ ವಾಸಿ ಅಂತ ಗೊತ್ತಾಗ್ಬೇಕಲ್ಲ," ಎಂದು ಕೀಲಿಯನ್ನು ನನ್ನ ಕೈಗಿಟ್ಟು, ತಾವು ವರ್ಡಾರ ಸೀಟಿನಲ್ಲಿ ಕೂತರು. ಹೊರಡುವ ಮೊದಲು ಆಕೆಯ ಕಪ್ಪಿನಲ್ಲಿ ಅಂಚಿನವರೆಗೆ ಕಾಫಿ ತುಂಬಿ ತೊಡೆಯ ಮೇಲೆ ಇಟ್ಟುಕೊಂಡರು.

ಊರಾಚೆಯ ಹಳೆಯ ಕಾಂಕ್ರೀಟು ರಸ್ತೆಯಲ್ಲಿ ಮಾರು ಮಾರಿಗೂ ಒಂದು ಸೀಳು. ಪ್ರತಿ ಸೀಳಿಗೂ ಟ್ರೇಲರು ಹಿಂದಿನಿಂದ ಒಂದು ಗುದ್ದು, ಆಮೇಲೆ ಒಂದು ಜಗ್ಗು. ಸ್ಟೀರಿಂಗು ಹಿಡಿದವನಿಗೆ ರಸ್ತೆ ಕಾಣುತ್ತದೆ, ಕೈಗೆ ಆಸರೆಯಿರುತ್ತದೆ. ಪಕ್ಕದವರಿಗೆ ಎರಡೂ ಇಲ್ಲ. ಎರಡನೆಯ ಮೈಲಿಗೆ ಕಾಫಿಯೆಲ್ಲ ಕೋಟಿನ ಮೇಲಿತ್ತು. ಹತ್ತನೆಯ ಮೈಲಿಗೆ ಲಾಯ್ಡ್ ಬಾಗಿಲ ಮೇಲಿನ ಹಿಡಿಯನ್ನು ಹಿಡಿದರು. ಹಿಡಿದವರು ತಟ್ಟನೆ ಕೈ ತೆಗೆದು ಅದನ್ನೇ ನೋಡಿದರು. ಅದರ ಹೊದಿಕೆ ನಾಲ್ಕು ಬೆರಳಿನಗಲ ಸವೆದು ಒಳಗಿನ ಕಬ್ಬಿಣ ಕಾಣುತ್ತಿತ್ತು.

"ಮೇಷ್ಟ್ರೇ, ನೀವು ಬೇಕಂತ ಹೀಗೆ ಓಡಿಸ್ತಿಲ್ಲ ತಾನೇ?"

"ಇಲ್ಲ. ನೀವು ಹೇಳಿದ ವೇಗದಲ್ಲೇ ಇದ್ದೀನಿ."

ಮುಂದಿನ ಮೂವತ್ತು ಮೈಲಿಯೂ ಅವರು ಆ ಹಿಡಿಯನ್ನೇ ಹಿಡಿದು ಕೂತರು. ಮನೆಗೆ ಬಂದಾಗ ವರ್ಡಾ ಅಡುಗೆಮನೆಯ ಮೇಜಿಗೆ ಒರಗಿ ನೂಡಲ್ಸಿನ ಹಿಟ್ಟು ಲಟ್ಟಿಸುತ್ತಿದ್ದರು. ಲಾಯ್ಡ್ ಬಾಗಿಲಲ್ಲೇ ನಿಂತು ಕೇಳಿದರು: "ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ನೀನು?"

"ಹೇಳಿದ್ರೆ ತೂಕ ಹಾಕೋಣ ಅಂತಿದ್ದೆ ನೀನು. ನನ್ನ ಬೆನ್ನನ್ನ ಜೋಳದ ಕಾಟಾ ಮೇಲೆ ಇಡೋಕಾಗುತ್ತಾ?" ಎಂದು ಆಕೆ ಲಟ್ಟಿಸುತ್ತಲೇ ಹೋದರು. "ಕೋಟು ಬಿಚ್ಚಿ ಒಳಗೆ ಬಾ. ಕಾಫಿ ಸೋರ್ತಿದೆ."

ಹೊಸ ಹಿಚ್ಚು ಕೂರಿಸಿ ಮೂರು ದಿನ ಅದೇ ರಸ್ತೆಯಲ್ಲಿ ಓಡಾಡಿದೆವು. ಗಾಳಿ ಹೆಚ್ಚಾದರೆ ಚೀಲ ಕಲ್ಲಾಗುತ್ತಿತ್ತು. ಕಡಿಮೆಯಾದರೆ ತಳಕ್ಕೆ ಕುಕ್ಕರಿಸಿ ಉಕ್ಕಿಗೆ ಉಕ್ಕು ಬಡಿಯುತ್ತಿತ್ತು. ಗೇಜು ನಲವತ್ತೈದು ತೋರಿಸುವಾಗ ಕಪ್ಪಿನಲ್ಲಿ ಕಾಫಿ ಅರ್ಧಕ್ಕಿಂತ ಹೆಚ್ಚು ಉಳಿಯಿತು. ಗುದ್ದು ಹೋಗಲಿಲ್ಲ, ಅದರ ಮೊನಚು ಹೋಯಿತು. ಡಾಕ್ಟರು ಕಥೆಯೆಲ್ಲ ಕೇಳಿ, ಗಂಟೆಗೊಮ್ಮೆ ನಿಲ್ಲಿಸುವುದಾದರೆ ಹೋಗಬಹುದು ಎಂದರು.

ಹೊರಡುವ ಬೆಳಗ್ಗೆ ನಾನು ಬೇಲಿಯ ಬಳಿ ಬಾಯಿ ಮುಚ್ಚಿ ನಿಂತಿದ್ದೆ. ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ವರ್ಡಾ ತಮ್ಮ ಜಾಗದಲ್ಲಿ ಕೈ ಎತ್ತಿದ್ದರು. ಲಾಯ್ಡ್ ಗಾಡಿಯನ್ನು ಹಿಂದಕ್ಕೆ ತರುತ್ತಿದ್ದಾಗ ಆಕೆ ನೋವಿಗೆ ಮುಖ ಕಿವುಚಿದರು. ಎಡಗೈ ಬೆನ್ನಿಗೆ ಹೋಯಿತು. ಅದು ಕನ್ನಡಿಯಲ್ಲಿ ಕಂಡಿರಬೇಕು. "ವರ್ಡಾ, ಕೂತ್ಕೊಳೇ!" ಎಂಬ ಕೂಗು ಕೇಳಿತು. ಜೋಡಿಸುವಾಗ ಆ ಅಂಗಳದಲ್ಲಿ ಅವರ ದನಿಯನ್ನು ಕೇಳಿದ್ದು ಅದೇ ಮೊದಲು. ಹಿಚ್ಚು ಖಟ್ಟೆಂದಿತು. ಅವರು ಇಳಿದು ಕೊಂಡಿ ಹಾಕಿದರು, ಮುಂಗಾಲುಗಳನ್ನು ಎರಡು ಬೆರಳೆತ್ತಿದರು; ಟಾರ್ಚು ಮಾತ್ರ ಜೇಬಿನಲ್ಲೇ ಉಳಿಯಿತು. ಹತ್ತಿ ಕೂತು, ಅಭ್ಯಾಸಬಲದಿಂದ, ಬ್ರೇಕು ಹಿಡಿದು ಜಗ್ಗಿದರು.

ಪಿಕಪ್ಪು ಮುಂದಕ್ಕೆ ಜಿಗಿಯಿತು. ಟ್ರೇಲರಿನ ಮೂಗು ಎರಡು ಬೆರಳು ಕುಸಿದು ತನ್ನ ಕಾಲಿನ ಮೇಲೆ ದಡ್ಡನೆ ನಿಂತಿತು. ಗೂಟ ದವಡೆಯೊಳಗೆ ಹೋಗಿರಲೇ ಇಲ್ಲ. ಅದರ ಮೇಲೆ ಸುಮ್ಮನೆ ಕೂತಿತ್ತು. ಮುಂಗಾಲುಗಳನ್ನು ಪೂರ್ತಿ ಎತ್ತಿದ್ದರೆ ಅಷ್ಟು ಭಾರವೂ ಪಿಕಪ್ಪಿನ ಮೇಲೆ ಬಿದ್ದು ಅದನ್ನು ತಗಡಿನ ಡಬ್ಬಿಯಂತೆ ಜಜ್ಜುತ್ತಿತ್ತು.

ಲಾಯ್ಡ್ ಇಳಿದು ಬಂದು ಗಾಡಿಯ ಹಿಂಬದಿಯಲ್ಲಿ ಕೂತುಬಿಟ್ಟರು. "ಆಗಲ್ಲ ವರ್ಡಾ. ನನ್ನನ್ನ ನಂಬಿ ನೀನು ಹತ್ತೋದು ಬೇಡ. ಅಕ್ಕನಿಗೆ ಫೋನು ಮಾಡು."

ವರ್ಡಾ ಕದಲಲಿಲ್ಲ. ಬಲಗೈ ಮೇಲೇ ಇತ್ತು.

"ನಾನಿನ್ನೂ ಕೈ ಇಳಿಸಿಲ್ಲ ಲಾಯ್ಡ್."

ಅವರು ತಲೆಯೆತ್ತಿದರು.

"ನೀನೇ ಮಾತಾಡಿದ್ದು. ಮತ್ತೆ ಮೊದಲಿಂದ ಮಾಡು. ಬೇಗ ಮಾಡು, ತೋಳು ನೋಯ್ತಿದೆ."

ಅವರು ಮೊದಲಿನಿಂದ ಮಾಡಿದರು. ಈ ಸಲ ವರ್ಡಾ ಗಂಡನ ಜೇಬಿನಿಂದ ಟಾರ್ಚು ಎಳೆದುಕೊಂಡು, ಬಗ್ಗದೆಯೇ ಪಿಕಪ್ಪಿನ ಪಕ್ಕದಿಂದ ಬೆಳಕು ಬಿಟ್ಟು, ದವಡೆ ಗೂಟವನ್ನು ಕಚ್ಚಿರುವುದನ್ನು ತಮ್ಮ ಕಣ್ಣಿಂದಲೇ ನೋಡಿ ಕೈ ಇಳಿಸಿದರು. ಒಂದು ದಿನದ ದಾರಿಗೆ ಮೂರು ದಿನ ಹಿಡಿಯಿತಂತೆ. ವರ್ಡಾರ ಕಾರ್ಡು ಬಂತು: "ಹಣ್ಣು ಈ ವರ್ಷ ಸಣ್ಣ. ಅಕ್ಕ ಹಾಗೇ ಜಗಳಗಂಟಿ. ಬೆನ್ನು ಜೊತೆಯಲ್ಲೇ ಇದೆ."

ಲೋಕದಲ್ಲಿ ಲಾಯ್ಡ್ ಅವರಂಥ ಜನ ಬಹಳ. ಅಳತೆಗೆ ಸಿಕ್ಕುವುದನ್ನೆಲ್ಲ ಅವರು ಪ್ರಾಣದಂತೆ ಕಾಯುತ್ತಾರೆ. ಬೋಲ್ಟು ಸಡಿಲವಾದರೆ ಅವರಿಗೆ ನಿದ್ದೆ ಬಾರದು. ತಮ್ಮ ಪಕ್ಕದಲ್ಲೇ ಹಿಡಿ ಹಿಡಿದು ಕೂತವರ ನೋವು ಯಾವ ಕಾಟಾದ ಮೇಲೂ ಬಾರದೆ ಹೋದದ್ದರಿಂದ, ಅದೊಂದು ಅವರ ಕಣ್ಣಿಗೆ ಬಿದ್ದಿರುವುದಿಲ್ಲ. ಇಂಥವರು ನಿರ್ದಯಿಗಳಲ್ಲ. ತಡವಾಗಿಯಾದರೂ ಎದ್ದು ಆ ಕಡೆಯ ಸೀಟಿನಲ್ಲಿ ಕೂತವರನ್ನು ನಾನು ಸಜ್ಜನರೆಂದೇ ಕರೆಯುತ್ತೇನೆ.

ಈಗ ಲಾಯ್ಡ್ ಅವರಿಗೆ ಎಂಬತ್ತೊಂದು. ಶೆಡ್ಡಿಗೆ ಯಾರೇ ಬಂದರೂ, "ಪಕ್ಕದಲ್ಲಿ ಕೂರೋದು ಯಾರು?" ಎಂದು ಕೇಳಿ, ಗಾಡಿಯ ಕೀಲಿ ಇಸಿದುಕೊಂಡು, ಯಜಮಾನನನ್ನು ಆ ಸೀಟಿನಲ್ಲಿ ಕೂರಿಸಿ, ಕೈಗೊಂದು ತುಂಬಿದ ಕಪ್ಪು ಕೊಟ್ಟು, ಕಾಂಕ್ರೀಟು ರಸ್ತೆಗೆ ಕರೆದೊಯ್ಯುತ್ತಾರೆ. ಕಾಫಿಯ ಕಲೆಗಳಿರುವ ಆ ಕೋಟನ್ನು ಒಗೆಯಲು ವರ್ಡಾ ಇನ್ನೂ ಒಪ್ಪಿಲ್ಲ. ಇದನ್ನು ಬರೆಯುವ ಹೊತ್ತಿಗೆ ಮತ್ತೆ ಆಗಸ್ಟು ಬಂದಿದೆ. ಪಕ್ಕದ ಅಂಗಳದಲ್ಲಿ ಗಾಡಿ ಹಿಂದಕ್ಕೆ ಬರುತ್ತಿದೆ, ಟಾರ್ಚು ಹಿಡಿದ ವರ್ಡಾರ ಬಲಗೈ ಮೇಲಿದೆ. ನನ್ನ ಶುಭೋದಯ ಬಾಯಲ್ಲೇ ಇದೆ.