ಧಣಿಯ ದಾರಿಗೆ ಹೋದ ಬೋಕಿಗಳು

ಪುರಸಭೆಯ ಗೋಡೆಗೆ ಅಂಟಿಸಿದ್ದ ನಕ್ಷೆ ನೋಡಿ ನನ್ನ ಮೈ ಉರಿದುಹೋಯಿತು. ಗುಡ್ಡದ ಮೇಲೆ ಧಣಿ ಕೌಂಟ್ ಸೆರ್ಮಾಲಿಯ ಎಸ್ಟೇಟು, ಅದರಲ್ಲಿ ಸಾಲುಗಟ್ಟಿದ ಕೆಂಪು ಚುಕ್ಕೆ. ಕೆಳಗೆ ಪಾಂತಾನೊ, ನಾನೂ ನನ್ನ ತಮ್ಮ ನೆಲ್ಲೊನೂ ಉಳುವ ನಾಲ್ಕು ಹೆಕ್ಟೇರು ಹೊಲ. ಅಲ್ಲಿ ಹೆಸರಿಗೆ ಒಂದು ಚುಕ್ಕೆಯೂ ಇಲ್ಲ.

ಒಂದೊಂದು ಚುಕ್ಕೆಯೂ ಒಂದು ಹಿಡಿ ಮಡಕೆ ಚೂರು. ರೋಮನ್ನರಿಗೂ ಮೊದಲು ಇಟಲಿಯ ಈ ಕ್ಯೂಸಿ ಸೀಮೆಯನ್ನು ಎಟ್ರುಸ್ಕನ್ನರು ಆಳುತ್ತಿದ್ದ ಕಾಲದಲ್ಲಿ ಗ್ರೀಸಿನಿಂದ ಎಣ್ಣೆಯನ್ನೋ ದ್ರಾಕ್ಷಾರಸವನ್ನೋ ತುಂಬಿಕೊಂಡು ಹಡಗಿನಲ್ಲಿ, ಆಮೇಲೆ ನದಿಯ ದೋಣಿಯಲ್ಲಿ ಬಂದ ಗುಡಾಣಗಳ ಬೋಕಿ. ಚುಕ್ಕೆ ಬಿದ್ದ ನೆಲವನ್ನು ಉಳಬಹುದು, ಆಳಕ್ಕೆ ಅಗೆಯಲು ಮಾತ್ರ ಸರ್ಕಾರ ಯಾರಿಗೂ ಬಿಡುವುದಿಲ್ಲ. ಚುಕ್ಕೆ ಬೀಳದ ನೆಲದಲ್ಲಿ ಹೊಂಡ ತೋಡಿ ಏಳು ಊರಿನ ಕಸ ಸುರಿಯುವುದೆಂದು ತೀರ್ಮಾನವಾಗಿತ್ತು. ಆಕ್ಷೇಪಣೆ ಇದ್ದವರು ಗುರುವಾರ ಬಂದು ಹೇಳಬೇಕಂತೆ.

ಕಸದ ವಿಷಯ ಒಂದು ಕಡೆ ಇರಲಿ, ನಕ್ಷೆಯ ಕೆಳಗಿನ ಎರಡು ಸಾಲು ನನ್ನ ಹೊಟ್ಟೆ ಇನ್ನಷ್ಟು ಉರಿಸಿತು. ಗುಡ್ಡದ ಮೇಲೆ ದೂರದೇಶದ ವ್ಯಾಪಾರ ನಡೆಸುತ್ತಿದ್ದ ಒಬ್ಬ ಒಡೆಯನಿದ್ದನಂತೆ. ತಗ್ಗಿನ ರೈತರು ವ್ಯಾಪಾರದ ಗಂಧಗಾಳಿಯೂ ಇಲ್ಲದ ಬಡವರಂತೆ. ಎರಡು ಸಾವಿರದ ಆರುನೂರು ವರ್ಷ ಹಿಂದಕ್ಕೆ ಹೋದರೂ ಮೇಲೆ ಧಣಿ, ಕೆಳಗೆ ನಾವೇ!

ಊರಿನ ಹಳೆಯ ಶಾಲೆಯಲ್ಲಿ ಬೋಕಿ ತೊಳೆಯುತ್ತ ಕೂತಿದ್ದ ಜಿನೆವ್ರಾಳ ಹತ್ತಿರ ನೇರವಾಗಿ ಹೋದೆ. ಆ ನಕ್ಷೆ ಬರೆದವಳು ಅವಳೇ. ಫ್ಲಾರೆನ್ಸಿನಲ್ಲಿ ಪುರಾತತ್ವ ಓದಿ ಬಂದ ಹುಡುಗಿ, ಊರಿಗೆಲ್ಲ ಡಾಕ್ಟರಮ್ಮ.

"ಏನಮ್ಮಾ ಡಾಕ್ಟರಮ್ಮ, ನಮ್ಮ ಹೊಲಕ್ಕೆ ಯಾವತ್ತಾದ್ರೂ ಕಾಲಿಟ್ಟಿದ್ದೀಯಾ? ಇಲ್ಲ, ಕೌಂಟ್ ಮನೆ ಊಟ ಮಾಡಿ ಅಲ್ಲೇ ಚುಕ್ಕೆ ಇಟ್ಟುಬಿಟ್ಟೆಯಾ?" ಎಂದೆ.

ಅವಳ ಮುಖ ಕೆಂಪಾಯಿತು. "ಫೋಸ್ಕಮ್ಮಾ, ಹಾಗೆಲ್ಲ ಅನ್ಬೇಡಿ. ಉತ್ತ ಮಾರನೇ ದಿನವೇ ಆರು ಜನ ಸಾಲಾಗಿ ನಿಮ್ಮ ಹೊಲದಲ್ಲಿ ನಡೆದ್ವಿ. ಎರಡು ಸಲ. ಒಂದು ಚೂರೂ ಸಿಗ್ಲಿಲ್ಲ. ಸಿಗದೆ ಇದ್ದದ್ದನ್ನ ಎಲ್ಲಿಂದ ತರ್ಲಿ?"

"ಸಿಗೋದು ಹೇಗೆ ತಾಯಿ? ಇದ್ದಬದ್ದದ್ದನ್ನೆಲ್ಲ ನಮ್ಮಮ್ಮ ಹೊತ್ತು ಹಾಕಿದ್ಳಲ್ಲ."

ಅವಳು ಕೈಯಲ್ಲಿದ್ದ ಬ್ರಷ್ಷು ಕೆಳಗಿಟ್ಟಳು. ಆಗ ಹೇಳಿದೆ. ಆ ಹೊಲವನ್ನು ಅಪ್ಪ ಕೊಂಡದ್ದು ಬಹಳ ಆಮೇಲೆ. ಅದಕ್ಕೆ ಮೊದಲು ನಾವು ಸೆರ್ಮಾಲಿ ಮನೆತನದ ಒಕ್ಕಲು. ಬೆಳೆದದ್ದರಲ್ಲಿ ಅರ್ಧ ಧಣಿಗೆ. ಅದು ಸಾಲದೆಂದು ಚಳಿಗಾಲದಲ್ಲಿ ಬಿಟ್ಟಿ ದುಡಿಮೆ ಬೇರೆ. ಈಗಿನ ಕೌಂಟ್‌ನ ಅಜ್ಜನಿಗೆ ಬಂಗಲೆಯ ತನಕ ಕುದುರೆಗಾಡಿ ಹೋಗುವ ದಾರಿ ಬೇಕಿತ್ತು. ಒಂದೊಂದು ಮನೆಯವರೂ ತಮ್ಮ ಹೊಲದಿಂದ ವರ್ಷಕ್ಕೆ ನಲವತ್ತು ಮಂಕರಿ ಕಲ್ಲು ತಂದು ಹಾಕಬೇಕು. ತಪ್ಪಿದರೆ ಗೇಣಿಯ ವರ್ಷ ಮುಗಿಯುವ ಸಂತ ಮಾರ್ತೀನನ ಹಬ್ಬಕ್ಕೆ ಗಂಟುಮೂಟೆ ಕಟ್ಟಬೇಕು. ಹೊರುವವರು ಹೆಂಗಸರು. ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಮಂಕರಿ, ಎದುರಿಗೆ ಏರು. ಪಾರುಪತ್ಯಗಾರ ಎಣಿಸುತ್ತಿದ್ದದ್ದು ಮಂಕರಿ, ತೂಕವನ್ನಲ್ಲ. ಕಲ್ಲಿಗಿಂತ ಬೋಕಿ ಹಗುರ. ಹಾಗಾಗಿ ನೇಗಿಲ ಹಿಂದೆಯೇ ಹೋಗಿ ಹೆಂಗಸರು ಮೊದಲು ಬೋಕಿ ಆರಿಸುತ್ತಿದ್ದರು. ಮೂವತ್ತು ಚಳಿಗಾಲ ಹೀಗೆ ಆರಿಸಿದರೆ ಹೊಲದಲ್ಲಿ ಏನು ಉಳಿಯುತ್ತದೆ? ನಾನೇ ಏಳು ವರ್ಷದವಳಿದ್ದಾಗಿಂದ ಆರಿಸಿದ್ದೇನೆ.

ಜಿನೆವ್ರಾ ತನ್ನ ನಕ್ಷೆ ಬಿಚ್ಚಿ ಗುಡ್ಡದ ಚುಕ್ಕೆಗಳ ಮೇಲೆ ಬೆರಳಾಡಿಸಿದಳು. ಆಮೇಲೆ, "ನಾವು ಚೂರು ಆರಿಸಿದ್ದೆಲ್ಲ ಆ ದಾರಿಯ ಎರಡೂ ಅಂಚಲ್ಲೇ," ಎಂದಳು.

"ಮತ್ತೆ? ನಡಿ, ತೋರಿಸ್ತೀನಿ."

ಸೈಪ್ರೆಸ್ ಮರದ ಸಾಲಿನ ನಡುವೆ ಆ ದಾರಿ ಮೇಲಕ್ಕೆ ಹೋಗುತ್ತದೆ. ಮಳೆನೀರು ಕೊರೆದ ಕಡೆ ಕೂತು ಒಂದು ದಪ್ಪ ಬೋಕಿಯನ್ನು ಕಿತ್ತು ಅವಳ ಕೈಗಿಟ್ಟೆ. "ಈ ಗೀರು ಏನು ಹೇಳು?"

"ಗುಳದ ಗೀರು. ನೇಗಿಲಿಗೆ ಸಿಕ್ಕಿದೆ."

"ಕೌಂಟ್ ತನ್ನ ಕುದುರೆಗಾಡಿ ದಾರೀಲಿ ನೇಗಿಲು ಹೊಡಿಸ್ತಿದ್ದನೇನು? ಗೀರಿನ ಒಳಗೆ ಮೆತ್ತಿಕೊಂಡಿರೋ ಮಣ್ಣು ನೋಡು. ಈ ಗುಡ್ಡದ್ದು ಹಳದಿ ಮರಳು. ಅದು ನೀಲಿ ಜೇಡಿ. ಅಂಥಾ ಜೇಡಿ ಇರೋದು ಪಾಂತಾನೊದಲ್ಲಿ ಮಾತ್ರ. ನಮ್ಮ ಬೂಟು ಹಿಡಿದು ಕೇಳು, ಬೇಕಾದ್ರೆ."

ಅವಳು ಉಗುರಿನಿಂದ ಮಣ್ಣು ಕೆರೆದು ನೋಡಿದಳು. ಇನ್ನೊಂದು ಬೋಕಿ ಕಿತ್ತಳು, ಮತ್ತೊಂದು. ಎಲ್ಲದರಲ್ಲೂ ಅದೇ ಜೇಡಿ. "ನನ್ನಿಂದ ತಪ್ಪಾಯ್ತು ಫೋಸ್ಕಮ್ಮಾ," ಎಂದಳು. ಓದಿದವರ ಬಾಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು. ನನ್ನ ಸಿಟ್ಟು ಅರ್ಧ ಇಳಿಯಿತು.

ಗುರುವಾರ ಉಳಿದರ್ಧ ದುಪ್ಪಟ್ಟಾಗಿ ಏರಿತು. ಸಭೆಯಲ್ಲಿ ಪುರಸಭೆಯ ಅಧಿಕಾರಿ, ಜಿನೆವ್ರಾ, ನಾನು, ನೆಲ್ಲೊ, ಜೊತೆಗೆ ಮುಂದಿನ ಕುರ್ಚಿಯಲ್ಲಿ ಕೌಂಟ್. ಗುಡ್ಡದ ಚುಕ್ಕೆಗಳು ಹೋದರೆ ಪುರಾತನ ಒಡೆಯನೂ ಹೋಗುತ್ತಾನೆ. ಆ ಒಡೆಯನ ಚಿತ್ರವನ್ನು ಕೌಂಟ್ ಆಗಲೇ ತನ್ನ ವೈನ್ ಬಾಟಲಿಯ ಚೀಟಿಗೆ ಹಾಕಿಸಿ ಆಗಿತ್ತು.

ಜಿನೆವ್ರಾ ಬೋಕಿ ತೋರಿಸಿದಳು, ಜೇಡಿ ತೋರಿಸಿದಳು. ಅಧಿಕಾರಿ ಕನ್ನಡಕ ಸರಿಮಾಡಿಕೊಂಡ. "ಜೇಡಿ ಮಣ್ಣು ಇನ್ನೂ ಹತ್ತು ಕಡೆ ಇರಬಹುದು. ಈ ಚೂರು ಇದೇ ಹೊಲದಿಂದ ಬಂತು ಅನ್ನೋದಕ್ಕೆ ಏನು ಆಧಾರ?"

"ನಾನೇ ಆಧಾರ. ನಾನು ಆರಿಸಿದ್ದೀನಿ, ನಮ್ಮಮ್ಮ ಹೊತ್ತಿದ್ದಾಳೆ."

"ಅದು ಬಾಯಿಮಾತಾಯ್ತಲ್ಲಮ್ಮಾ. ಅಲ್ಲದೆ ಹೊಲ ನಿಮ್ಮದೇ. ನಿಮ್ಮ ಮಾತನ್ನ ಹೇಗೆ ಬರ್ಕೊಳ್ಳೋದು?"

ಮೂರು ಸಲ ಹೇಳಿದೆ, ಮೂರು ಸಲವೂ ಅವನ ಪೆನ್ನು ಮೇಲೇಳಲಿಲ್ಲ. ಕೌಂಟ್ ಕಾಲ ಮೇಲೆ ಕಾಲು ಹಾಕಿಕೊಂಡು ನಗುತ್ತಿದ್ದ. "ಪಾಪ, ಫೋಸ್ಕಾಗೆ ವಯಸ್ಸಾಯ್ತು. ಆ ದಾರಿ ನಮ್ಮಜ್ಜ ಮಾಡಿಸಿದ್ದು."

"ನಿಮ್ಮಜ್ಜ ಮಾಡಿಸಿದ್ದು? ಒಂದು ಕಲ್ಲಾದ್ರೂ ಎತ್ತಿದ್ರಾ ಆ ಮಹಾನುಭಾವ? ಅವರ ದಾರಿಯಲ್ಲ ಅದು, ನಮ್ಮ ಹೆಂಗಸರ ದಾರಿ!"

ಅದು ಅವನಿಗೆ ನಾಟಿತು. ಎದ್ದು ನಿಂತ. "ಬಾಯಿ ಬಿಗಿ ಹಿಡಿದು ಮಾತಾಡು! ನಮ್ಮಜ್ಜನ ಅಪ್ಪಣೆ ಇಲ್ಲದೆ ಅಲ್ಲಿ ಒಂದು ಹರಳೂ ಬಿದ್ದಿಲ್ಲ. ಪಾಂತಾನೊದವರು ವರ್ಷಕ್ಕೆ ನಲವತ್ತು ಮಂಕರಿ ತರಬೇಕು ಅಂತ ಕಟ್ಟಪ್ಪಣೆ ಮಾಡಿದ್ದೇ ಅವರು. ಕಲ್ಲು ಸಿಗದಿದ್ರೆ ಬೋಕಿ ತನ್ನಿ ಅಂತ ಹೇಳಿದ್ದೂ ಅವರೇ. ತರದಿದ್ದೋರನ್ನ ಒಕ್ಕಲೆಬ್ಬಿಸ್ತಿದ್ರು. ಅಂಥಾ ಶಿಸ್ತಿನ ಮನುಷ್ಯ!"

ಅಧಿಕಾರಿಯ ಪೆನ್ನು ತಟ್ಟನೆ ಮೇಲೆದ್ದಿತು. "ಇನ್ನೊಂದು ಸಲ ಹೇಳ್ತೀರಾ ಕೌಂಟ್? ಪಾಂತಾನೊದಿಂದ, ನಲವತ್ತು ಮಂಕರಿ, ಬೋಕಿ. ಬಹಳ ಉಪಕಾರ. ಇದು ಆಧಾರ ಅಂದ್ರೆ."

ನಾನು ಮೂರು ಸಲ ಹೇಳಿದ್ದನ್ನೇ ಕೌಂಟ್ ಒಂದು ಸಲ ಹೇಳಿದ್ದ. ಏನು ಹೇಳಿಬಿಟ್ಟೆನೆಂದು ಕೌಂಟ್‌ಗೆ ಹೊಳೆಯುವ ಹೊತ್ತಿಗೆ ಕಾಗದ ಟೈಪಾಗುತ್ತಿತ್ತು. ನೆಲ್ಲೊ ಮೇಜಿನ ಕೆಳಗೆ ನನ್ನ ಕೈ ಹಿಡಿದುಕೊಂಡ, ನಾನು ಎಲ್ಲಿ ಎದ್ದು ಹೊಡೆಯುತ್ತೇನೋ ಎಂದು.

ಅಧಿಕಾರಿ ಓದಿದ. ಪಾಂತಾನೊದ ಗುಡಾಣದ ಚೂರುಗಳು ದಾರಿಗೆ ಸಾಗಿಹೋದ ಸಂಗತಿಯನ್ನು ಶ್ರೀಮಾನ್ ಕೌಂಟ್ ಸೆರ್ಮಾಲಿಯವರು ತಮ್ಮ ಮನೆತನದ ನೆನಪಿನಿಂದ ಒದಗಿಸಿರುತ್ತಾರೆ. ಅಷ್ಟೇ. ಹೊತ್ತವರ ಹೆಸರಿಲ್ಲ, ಆರಿಸಿದವರ ಹೆಸರೂ ಇಲ್ಲ.

"ಫೋಸ್ಕಮ್ಮನ ಹೆಸರು ಹಾಕಿ," ಎಂದಳು ಜಿನೆವ್ರಾ.

"ಹಾಕ್ತೀವಲ್ಲ, ಇಲ್ಲಿದೆ ಜಾಗ. ಕೌಂಟ್ ಹೀಗೆ ಹೇಳಿದ್ದನ್ನ ಕೇಳಿದವರು ಒಬ್ಬರು ಸಾಕ್ಷಿ ಸಹಿ ಹಾಕ್ಬೇಕು. ಅದಾದ್ರೆ ನಿಮ್ಮ ಹೊಲಕ್ಕೆ ಚುಕ್ಕೆ ಬೀಳುತ್ತೆ, ಕಸ ಬೇರೆ ಕಡೆ ಹೋಗುತ್ತೆ. ಇಲ್ಲಾಂದ್ರೆ ಹಳೇ ನಕ್ಷೆಯೇ ಗತಿ."

ಕಾಗದವನ್ನು ಹರಿದು ಅವನ ಮುಖಕ್ಕೆ ಎಸೆಯಬೇಕೆನ್ನಿಸಿತು. ನೆಲ್ಲೊ ಕಡೆ ನೋಡಿದೆ. ಅವನು ಹಿಡಿದಿದ್ದ ನನ್ನ ಕೈ ಬಿಟ್ಟ. ಪೆನ್ನು ತೆಗೆದುಕೊಂಡು ಕಾಗದ ತೂತಾಗುವಷ್ಟು ಒತ್ತಿ ಸಹಿ ಹಾಕಿದೆ.

ಹೊಲ ಉಳಿಯಿತು. ನಮ್ಮಮ್ಮ ತಲೆಯ ಮೇಲೆ ಹೊತ್ತದ್ದನ್ನು ಧಣಿ ಬಾಯಿಬಿಟ್ಟು ಹೇಳಿದರು ಎನ್ನುವುದಕ್ಕೆ ನಾನು ಸಾಕ್ಷಿ.