ಅತ್ತೆಯ ನೀಲಿ ಕೈ

ಮಾವ ಕಣ್ಣಿನ ಪೊರೆ ತೆಗೆಸಲು ದೊಡ್ಡ ಮಗನ ಮನೆಗೆ ಹೊರಟಾಗ, ಅಳಿಯನ ಕೈಗೆ ಒಪ್ಪಿಸಿ ಹೋದದ್ದು ಒಂದೇ ವಸ್ತು: ತೀರಿಕೊಂಡ ಅತ್ತೆಯ ಬಲಗೈಯ ಅಚ್ಚು. ಮದ್ದು ಬಳಿದ ಕಾಗದದ ಮೇಲೆ ಕೈ ಊರಿಸಿ, ಬಿಸಿಲಲ್ಲಿ ಹತ್ತು ನಿಮಿಷ ಕಾದು, ನೀರಲ್ಲಿ ತೊಳೆದರೆ ಕೈ ಇದ್ದಲ್ಲಿ ಬಿಳುಪು, ಉಳಿದದ್ದೆಲ್ಲ ಗಾಢ ನೀಲಿ. ಸಯನೋಟೈಪ್ ಎಂದು ಅದರ ಹೆಸರು. ಕಟ್ಟಡಗಳ ನಕ್ಷೆ ಬರೆಯುತ್ತಿದ್ದ ಮಾವನಿಗೆ ಪ್ರಾಯದಲ್ಲಿ ಅದರದ್ದೇ ಹುಚ್ಚು.

"ಅಳಿಯಂದ್ರೇ, ಕತ್ತಲಲ್ಲಿಡಿ. ನೀರು ಸೋಕಿಸ್ಬೇಡಿ. ಫೋಟೋದಲ್ಲಿ ಅವಳ ಮುಖ ಇದೆ ಅಷ್ಟೆ, ಇದರಲ್ಲಿ ಅವಳೇ ಇದಾಳೆ," ಎಂದರು ಮಾವ.

"ಚಿಂತೆ ಬಿಡಿ ಮಾವ, ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋತೀನಿ."

ನೋಡಿಕೊಂಡ ಚೆಂದ ಕೇಳಿ. ಅಳಿಯ ಸಲೂನಿನವನು. ಕನ್ನಡಿಯ ಮೇಲೊಂದು ಹನಿ, ನೆಲದ ಮೇಲೊಂದು ಕೂದಲು ಕಂಡರೂ ಅವನ ಕೈ ಸುಮ್ಮನಿರದು. ಇಷ್ಟು ಚೆಂದದ್ದನ್ನು ಬೀರುವಿನಲ್ಲಿ ಕೊಳೆಹಾಕುವುದೇ ಎಂದು ಗಾಜಿನ ಚೌಕಟ್ಟು ಹಾಕಿಸಿ, ಹಜಾರದ ಕಿಟಕಿಯ ಎದುರು ನೇತುಹಾಕಿದ. ಬೆಳಗಿನ ಬಿಸಿಲೆಲ್ಲ ಅದಕ್ಕೇ. ಮೂರು ವಾರಕ್ಕೆ ನೀಲಿ ಇಳಿದು ನೂರು ಸಲ ಒಗೆದ ಅಂಗಿಯ ಬಣ್ಣಕ್ಕೆ ಬಂತು.

"ಅಯ್ಯಯ್ಯೋ, ಕೆಟ್ಟೆ ಕಣೇ!"

"ಅಪ್ಪ ಅಷ್ಟು ಬಡ್ಕೊಂಡ್ರಲ್ಲ! ಈಗ್ಲಾದ್ರೂ ಬೀರುಗೆ ಹಾಕಿ. ಕತ್ತಲಲ್ಲಿಟ್ರೆ ಈ ನೀಲಿ ತಾನಾಗೇ ವಾಪಸ್ ಬರುತ್ತೆ, ಚಿಕ್ಕೋಳಿದ್ದಾಗ ನೋಡಿದೀನಿ," ಎಂದಳು ಹೆಂಡತಿ.

ಹಾಗೇ ಹಾಕಿದ್ದರೆ ಮುಗಿದೇಹೋಗುತ್ತಿತ್ತು. ಗಾಜು ಬಿಚ್ಚಿದಾಗ ಕಿರುಬೆರಳಿನ ಸುತ್ತ ಒಂದು ಮಸುಕು ಕಂಡಿತು, ಬೆರಳ ಪಕ್ಕದಲ್ಲೇ ಇನ್ನೊಂದು ಬೆರಳು ಇದ್ದೂ ಇಲ್ಲದ ಹಾಗೆ. ಎಂಥದೋ ಕೊಳೆ, ಮಾವನ ಪೊರೆ ಬಂದ ಕಣ್ಣಿಗೆ ಕಂಡಿರಲಿಕ್ಕಿಲ್ಲ ಪಾಪ ಎಂದುಕೊಂಡ. ಹೆಂಡತಿ ಅತ್ತ ಹೋದದ್ದೇ ತಡ, ಹತ್ತಿಗೆ ಸೋಪಿನ ನೀರು ಮುಟ್ಟಿಸಿ ನಾಜೂಕಾಗಿ ಒರೆಸಿಯೇಬಿಟ್ಟ. ಮಸುಕು ಹೋಯಿತು, ಒಂದಿಷ್ಟು ಹಳದಿ ಉಳಿಯಿತು. ಒಣಗಿದರೆ ಅದೂ ಹೋದೀತು ಎಂದು ತನಗೆ ತಾನೇ ಧೈರ್ಯ ಹೇಳಿಕೊಂಡು, ಪೆಟ್ಟಿಗೆಯಲ್ಲಿಟ್ಟು ಬೀರು ಮುಚ್ಚಿದ.

ಮಾವ ಬರುವ ಹೊತ್ತಿಗೆ ನೀಲಿ ನಿಜಕ್ಕೂ ಮರಳಿತ್ತು. ಅಳಿಯನಿಗೆ ಹೋದ ಜೀವ ಬಂದಂತಾಯಿತು. ಎದೆಯುಬ್ಬಿಸಿಕೊಂಡು ಪೆಟ್ಟಿಗೆ ತಂದು ಮಾವನ ತೊಡೆಯ ಮೇಲಿಟ್ಟ. ಹೊಸದಾಗಿ ತಿಳಿಯಾದ ಕಣ್ಣು ನೆಟ್ಟಗೆ ಕಿರುಬೆರಳಿಗೇ ಹೋಯಿತು.

"ಇಲ್ಲಿದ್ದದ್ದು ಎಲ್ಲಿ?"

"ಅದೊಂದು ಕೊಳೆ ಇತ್ತು ಮಾವ. ಸೋಪಲ್ಲಿ ಒರೆಸ್ಬಿಟ್ಟೆ..."

"ಕೊಳೆ ಅಲ್ಲ. ಅವಳು ಬೆರಳು ಅಲ್ಲಾಡಿಸಿದ್ದು." ಮಾವ ಹೆಬ್ಬೆರಳಿನಿಂದ ಆ ಹಳದಿಯನ್ನು ಸವರಿದರು. "ಬಿಸಿಲಿಗೆ ಹೋದ ನೀಲಿ ಬರುತ್ತೆ. ಸೋಪಿಗೆ ಹೋದದ್ದು ಬರಲ್ಲ ಅಳಿಯಂದ್ರೇ."

"ಬೈಯಿರಿ ಮಾವ. ಬೇಕಾದ್ರೆ ಎರಡೇಟು ಹಾಕಿ," ಎಂದ ಅಳಿಯ. ಮಾವ ಬೈಯಲಿಲ್ಲ, ಅದನ್ನೇ ಅವನಿಗೆ ತಡೆಯಲಾಗಲಿಲ್ಲ.

ಹೆಂಡತಿ ಬಂದು ಅಪ್ಪನ ಪಕ್ಕ ಕೂತಳು. "ಅಮ್ಮ ಯಾಕಪ್ಪಾ ಅಲ್ಲಾಡಿಸಿದ್ದು?"

"ಮದುವೆಯಾಗಿ ಎಂಟು ದಿನ. ಮಹಡಿ ಮೇಲೆ ಕೈ ಇಡಿಸಿ, ಮಿಸುಕಬೇಡ ಅಂದೆ. ಗಡಿಯಾರ ಹಿಡ್ಕೊಂಡು ಭಾರಿ ಗತ್ತಲ್ಲಿ ನಿಂತಿದ್ದೆ. ಇನ್ನೇನು ಮುಗೀತು ಅನ್ನುವಾಗ, 'ರೀ, ಅಂಗಿ ಉಲ್ಟಾ ಹಾಕ್ಕೊಂಡಿದೀರಿ' ಅಂದ್ಲು. ಬೆಳಗಿಂದ ನೋಡಿ ನಗು ತಡ್ಕೊಂಡಿದ್ಲಂತೆ! ಮೈಯೆಲ್ಲ ನಡುಗೋ ಹಾಗೆ ನಕ್ಲು. ನನ್ನ ಕಾಗದ ಹಾಳಾಗ್ಬಾರ್ದು ಅಂತ ಬೆರಳುಗಳನ್ನ ಮಾತ್ರ ಗಟ್ಟಿಯಾಗಿ ಒತ್ತಿ ಹಿಡಿದಿದ್ಲು. ಕಿರುಬೆರಳು ಮಾತ್ರ ಕೇಳ್ಲಿಲ್ಲ."

ಮಗಳು ನಗುತ್ತ ನಗುತ್ತಲೇ ಅತ್ತುಬಿಟ್ಟಳು. "ಇಷ್ಟು ವರ್ಷ ಹೇಳೇ ಇಲ್ವಲ್ಲಪ್ಪಾ!"

"ಹೇಳೋದೇನಿತ್ತು? ಅದರಲ್ಲೇ ಇತ್ತಲ್ಲ." ಮಾವ ಅಳಿಯನ ಕಡೆ ತಿರುಗಿದರು. "ಈಗ ಇಲ್ಲ. ನಾನು ಹೋದ ಮೇಲೆ ಈ ಕಥೆ ಯಾರ ಹತ್ರ ಇರುತ್ತೆ? ಕೂತ್ಕೊಳ್ಳಿ. ಎಲ್ಲಿ, ನೀವೊಮ್ಮೆ ಹೇಳಿ."

ಅಳಿಯ ಕಣ್ಣೊರೆಸಿಕೊಂಡು ಕೆಳಗೇ ಕೂತ. "ಮದುವೆಯಾಗಿ ಹತ್ತು ದಿನ..."

"ಎಂಟು!" ಎಂದು ಗದರಿದರು ಮಾವ. "ಮೊದಲಿಂದ ಹೇಳಿ."